ಓದುಗರ ಪ್ರಶ್ನೆಗಳಿಗೆ: ಬಂಡೆಗೆ ಡ್ರಿಲ್ ಹಿಡಿಯುವ ಮುನ್ನ

ಸಾಣಾಪುರದ ಬಂಡೆಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಲೇಖನ ಬಂದ ನಂತರ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕೇಳುತ್ತವೆ: ಕಾಡಿನೊಳಗಿನ ಬಂಡೆಗೆ ಯಂತ್ರದಿಂದ ತೂತು ಕೊರೆದು, ಹತ್ತುವವರು ಹಗ್ಗ ಸಿಕ್ಕಿಸಲು ಬಳಸುವ ಉಕ್ಕಿನ ಬೋಲ್ಟ್ ಹೊಡೆಯಬಹುದೇ? ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಆನೆಗೊಂದಿ, ಸಾಣಾಪುರದ ಕಡೆ ಬಂಡೆ ಹತ್ತಲು ಬರುವವರಿಗೆ ದಾರಿ ತೋರಿಸಿ ಬದುಕುತ್ತಿದ್ದೇನೆ. ಈ ಚಳಿಗಾಲದಲ್ಲಿ ಬಂದ ತಂಡವೊಂದು ಬ್ಯಾಟರಿ ಡ್ರಿಲ್ ತಂದಿತ್ತು. ಅರಣ್ಯದ ಗಡಿಕಲ್ಲಿನ ಒಳಗಿರುವ ಎತ್ತರದ ಬಂಡೆಯೊಂದಕ್ಕೆ ಬೋಲ್ಟ್ ಹೊಡೆದು ಹೊಸ ದಾರಿ ಮಾಡಬೇಕೆಂಬುದು ಅವರ ಆಸೆ. ನಾನು ಹಿಂದೇಟು ಹಾಕಿದಾಗ, ‘ಕೈಯಿಂದ ಕೊರೆದರೂ ಯಂತ್ರದಿಂದ ಕೊರೆದರೂ ತೂತು ಅದೇ ಅಲ್ಲವೇ?’ ಎಂದರು. ಅಮೆರಿಕದಲ್ಲಿ ಯಂತ್ರಕ್ಕೆ ನಿಷೇಧ, ಕೈಸುತ್ತಿಗೆಗೆ ಇಲ್ಲವಂತೆ. ಇದು ಎಂಥ ನ್ಯಾಯ?
ಹೆಸರು ಬೇಡ, ಗಂಗಾವತಿ ತಾಲ್ಲೂಕು

ಉತ್ತರ: ತೂತು ಒಂದೇ, ಒಪ್ಪುತ್ತೇನೆ. ಹತ್ತೋ ಹನ್ನೆರಡೋ ಮಿಲಿಮೀಟರ್ ಅಗಲ, ಬೆರಳುದ್ದ ಆಳ. ನಾನು ನೋಡುವುದು ಆ ತೂತು ಆಗುವುದಕ್ಕೆ ಮೊದಲು ಏನು ನಡೆಯುತ್ತದೆ ಎಂಬುದನ್ನು.

ನಮ್ಮದು ಕಲ್ಲು ಒಡೆಯುವವರ ಮನೆತನ. ಅಜ್ಜ ಚಾಣ ಹಿಡಿದು ಬಂಡೆಗೆ ಕುಳಿ ತೋಡುವುದನ್ನು ನೋಡುತ್ತಾ ಬೆಳೆದೆ. ಒಂದು ಏಟು, ಚಾಣವನ್ನು ಸ್ವಲ್ಪ ತಿರುಗಿಸುವುದು, ಮತ್ತೊಂದು ಏಟು. ನಡುನಡುವೆ ಕುಳಿಯೊಳಗಿನ ಪುಡಿಯನ್ನು ಊದಿ ತೆಗೆಯುವುದು. ಬಂಡೆ ಹತ್ತುವವರು ಕೈಯಿಂದ ಬೋಲ್ಟಿನ ತೂತು ಕೊರೆಯುವುದೂ ಹೀಗೆಯೇ. ಗಟ್ಟಿ ಗ್ರಾನೈಟಿನಲ್ಲಿ ಒಂದು ತೂತಿಗೆ ಅರ್ಧ ಗಂಟೆ ಹಿಡಿಯುವುದು ಸಾಮಾನ್ಯ. ಬ್ಯಾಟರಿ ಡ್ರಿಲ್ಲಿಗೆ ಒಂದು ನಿಮಿಷದ ಆಸುಪಾಸು ಸಾಕು. ಅಜ್ಜ ಮೊದಲ ಏಟು ಹಾಕುವ ಮುಂಚೆ ಬಂಡೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಿದ್ದರು. ಇಲ್ಲಿನ ಗ್ರಾನೈಟ್ ಬಿಸಿಲು ಮಳೆಗೆ ಈರುಳ್ಳಿಯ ಹಾಗೆ ಪದರು ಬಿಡುತ್ತದೆ. ಮೇಲಿನ ಪದರು ಒಳಗಿನಿಂದ ಬಿಟ್ಟಿದ್ದರೆ ಟೊಳ್ಳು ಸದ್ದು ಬರುತ್ತದೆ, ಅಂಥ ಕಡೆ ಹೊಡೆದ ಬೋಲ್ಟು ಪದರಿನ ಸಮೇತ ಕಿತ್ತುಬರಬಹುದು. ಅರ್ಧ ಗಂಟೆ ಸುತ್ತಿಗೆ ಬೀಸಬೇಕಾದವನು ಮೊದಲೇ ಯೋಚಿಸುತ್ತಾನೆ: ಇಲ್ಲಿ ಬೋಲ್ಟು ಬೇಕೇಬೇಕೇ? ಪಕ್ಕದ ಬಿರುಕಿಗೆ ಕ್ಯಾಮ್ (ಬಿರುಕಿನಲ್ಲಿ ಅಗಲಿಸಿ ಕೂರಿಸಿ, ಆಮೇಲೆ ತೆಗೆಯಬಹುದಾದ ಸಾಧನ) ಕೂರಿಸಿದರೆ ಸಾಲದೇ? ನನಗೆ ತಾಕತ್ತಿಲ್ಲದಿದ್ದರೆ ಇಳಿದು ಹೋಗಿ, ತಾಕತ್ತಿರುವ ಇನ್ನೊಬ್ಬರಿಗೆ ಈ ಬಂಡೆಯನ್ನು ಬಿಟ್ಟುಕೊಡಬಾರದೇ? ಯಂತ್ರ ಹಿಡಿದವನಿಗೆ ಈ ಯೋಚನೆ ಬರುವ ಹೊತ್ತಿಗೆ ನಾಲ್ಕು ತೂತು ಮುಗಿದಿರುತ್ತವೆ.

ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಅಪ್ಪನ ಕಾಲಕ್ಕೆ ಕ್ವಾರಿಗೆ ಕಂಪ್ರೆಸರ್ ಬಂತು. ಹೊಟ್ಟೆಪಾಡಿಗಾಗಿ ಬೆಳಗಿನಿಂದ ಸಂಜೆಯವರೆಗೆ ಕಲ್ಲು ಕೊರೆಯುವವನ ಭುಜಗಳಿಗೆ ಅದು ಬಿಡುಗಡೆ ಕೊಟ್ಟಿತು. ಜೊತೆಗೆ ಧೂಳನ್ನೂ ಕೊಟ್ಟಿತು: ಗ್ರಾನೈಟಿನ ಒಣ ಕೊರೆತದಿಂದ ಏಳುವ ನುಣುಪು ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ವಾಸಿಯಾಗುವುದಿಲ್ಲ. ಎಲ್ಲಿಯೇ ಆಗಲಿ, ಡ್ರಿಲ್ ಹಿಡಿಯುವವರು ಒಳ್ಳೆಯ ಮಾಸ್ಕ್ ಇಲ್ಲದೆ ಹಿಡಿಯಬೇಡಿ. ನಾನು ಹೇಳಬೇಕಾದದ್ದು ಇಷ್ಟು: ಕೂಲಿಗಾಗಿ ಕೊರೆಯುವವನಿಗೆ ಅವಸರವಿದೆ, ಅವನ ಒಲೆ ಉರಿಯಬೇಕು. ಬಂಡೆ ಹತ್ತಲು ಬಂದವರು ಕಷ್ಟವನ್ನೇ ಹುಡುಕಿಕೊಂಡು ಬಂದವರು. ಬಂಡೆಯ ಹಿಂಬದಿಯಿಂದ ನಡೆದು ಮೇಲೆ ಹೋಗುವ ಸುಲಭದ ದಾರಿ ಇದ್ದರೂ ಅವರು ಕಡಿದಾದ ಮುಖವನ್ನು ಆರಿಸಿಕೊಳ್ಳುತ್ತಾರೆ. ಕಷ್ಟವನ್ನು ಹಾಗೆ ಆರಿಸಿಕೊಂಡವರಿಗೆ ತೂತು ಕೊರೆಯುವುದು ಮಾತ್ರ ಒಂದು ನಿಮಿಷದಲ್ಲಿ ಮುಗಿಯಬೇಕೆಂಬ ಅವಸರ ಏಕೆ?

ಅಮೆರಿಕದ ವಿಷಯ ನೀವು ಕೇಳಿದ್ದು ನಿಜ. ಅಲ್ಲಿ 1964ರಲ್ಲಿ ಬಂದ ವಿಲ್ಡರ್‌ನೆಸ್ ಕಾಯ್ದೆ, ಆ ಹೆಸರಿನಲ್ಲಿ ಕಾದಿರಿಸಿದ ಕಾಡು ಬೆಟ್ಟಗಳಲ್ಲಿ ಮೋಟಾರು ವಾಹನವನ್ನೂ ಮೋಟಾರಿನಿಂದ ನಡೆಯುವ ಸಲಕರಣೆಯನ್ನೂ ನಿಷೇಧಿಸುತ್ತದೆ. ಕಾಲುದಾರಿಗೆ ಬಿದ್ದ ಮರವನ್ನು ತೆಗೆಯಲು ಸರ್ಕಾರಿ ಸಿಬ್ಬಂದಿಯೇ ಸಾಮಾನ್ಯವಾಗಿ ಇಬ್ಬರು ಎಳೆಯುವ ಗರಗಸ ಬಳಸುತ್ತಾರೆ. ಮೋಟಾರು ಗರಗಸಕ್ಕೆ ವಿಶೇಷ ಅನುಮತಿ ಬೇಕು. ತನ್ನ ಕೈಯನ್ನೂ ಕಟ್ಟಿಕೊಂಡ ಕಾನೂನು ಎಂಬ ಕಾರಣಕ್ಕೆ ಅದರ ಬಗ್ಗೆ ನನಗೆ ಗೌರವವಿದೆ. ಕ್ಯಾಲಿಫೋರ್ನಿಯಾದ ಯೋಸೆಮಿಟಿ ಕಣಿವೆಯ ಎಲ್ ಕ್ಯಾಪಿಟನ್ ಎಂಬ ಬಂಡೆಗೋಡೆಯನ್ನು 1958ರಲ್ಲಿ ಮೊದಲು ಹತ್ತಿದ ವಾರೆನ್ ಹಾರ್ಡಿಂಗ್ ತಂಡ 125 ಬೋಲ್ಟುಗಳನ್ನು ಕೈಯಿಂದಲೇ ಕೊರೆದು ಹೊಡೆದಿತ್ತು. ಕೈಯಿಂದ ಕೊರೆದ ಮಾತ್ರಕ್ಕೆ ಎಲ್ಲವೂ ಪಾವನವಾಗುವುದಿಲ್ಲ ಎಂಬುದಕ್ಕೂ ಇದೇ ಹಾರ್ಡಿಂಗ್ ಸಾಕ್ಷಿ. 1970ರಲ್ಲಿ ಅದೇ ಎಲ್ ಕ್ಯಾಪಿಟನ್ನಿನ ಇನ್ನೊಂದು ಮುಖದಲ್ಲಿ ಅವರೂ ಡೀನ್ ಕಾಲ್ಡ್‌ವೆಲ್ಲರೂ ನೂರಾರು ತೂತುಗಳನ್ನು ಕೈಯಿಂದ ಕೊರೆದು ಮೇಲೆ ಹೋದಾಗ ಜೊತೆಯ ಹತ್ತುವವರೇ ಕೆರಳಿದರು. ಅಲ್ಲಿನ ಇನ್ನೊಬ್ಬ ಹೆಸರಾಂತ ಹತ್ತುವವರಾದ ರಾಯಲ್ ರಾಬಿನ್ಸ್ ಆ ಬೋಲ್ಟುಗಳನ್ನು ಕಡಿದುಹಾಕುತ್ತಾ ಹತ್ತಲು ಹೊರಟು, ಆ ದಾರಿಯ ಗುಣಮಟ್ಟ ಕಂಡ ಮೇಲೆ ಕಡಿಯುವುದನ್ನು ನಿಲ್ಲಿಸಿದರು.

ಈಚಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ. 2023ರ ಕೊನೆಯಲ್ಲಿ ಅಲ್ಲಿನ ಉದ್ಯಾನ ಮತ್ತು ಅರಣ್ಯ ಇಲಾಖೆಗಳು ಕೈಯಿಂದ ಹಾಕಿದ ಬೋಲ್ಟುಗಳನ್ನೂ ನಿಷಿದ್ಧ ಅಳವಡಿಕೆಗಳ ಸಾಲಿಗೆ ಸೇರಿಸುವ ಪ್ರಸ್ತಾಪ ತಂದವು. ವಿರೋಧ ಬಂದು 2024ರಲ್ಲಿ ಉದ್ಯಾನ ಇಲಾಖೆ ತನ್ನ ಪ್ರಸ್ತಾಪವನ್ನು ಕೈಬಿಟ್ಟಿತು. 2025ರ ಜನವರಿಯಲ್ಲಿ ಸಹಿಯಾದ ಕಾನೂನು, ಇಂಥ ಕಾಡುಗಳಲ್ಲಿ ಬಂಡೆ ಹತ್ತುವುದೂ ಬೋಲ್ಟು ಬಳಸುವುದೂ ತಪ್ಪಲ್ಲ ಎಂದು ಒಪ್ಪಿಕೊಂಡಿತು. ಮೋಟಾರಿನ ನಿಷೇಧ ಹಾಗೆಯೇ ಉಳಿದಿದೆ.

ಈಗ ನಮ್ಮ ಬೆಟ್ಟಕ್ಕೆ ಬರೋಣ. ನಿಮ್ಮ ಗಿರಾಕಿಗಳು ಬರುವುದು ನವೆಂಬರಿನಿಂದ ಫೆಬ್ರುವರಿವರೆಗೆ, ಬಂಡೆ ಕಾಯದಿರುವ ತಿಂಗಳುಗಳಲ್ಲಿ. ಕರಡಿ ಮರಿ ಹಾಕುವುದೂ ಹೆಚ್ಚಾಗಿ ಚಳಿಗಾಲದಲ್ಲೇ, ಬಂಡೆಗಳ ನಡುವಿನ ಗವಿಯಲ್ಲಿ; ಮರಿಗಳು ಹೊರಬರುವವರೆಗೆ ವಾರಗಟ್ಟಲೆ ತಾಯಿ ಅಲ್ಲೇ ಇರುತ್ತದೆ. ಕೊಂಬಿನ ಗೂಬೆ ಬಂಡೆಯ ಅಂಚಿನ ಮೇಲೆ ಬರೀ ನೆಲದಲ್ಲಿ ಮೊಟ್ಟೆಯಿಡುವ ಕಾಲವೂ ಇದೇ. ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆ ಕಡೆ ಬದುಕುವ ಹಕ್ಕಿಯಲ್ಲ. ಹೆಜ್ಜೇನು ಗೂಡು ಕಟ್ಟುವುದು ಹತ್ತುವವರಿಗೆ ಇಷ್ಟವಾಗುವ ಅದೇ ಮುಂಚಾಚಿನ ಕೆಳಗೆ. ಸುತ್ತಿಗೆಯ ಸದ್ದೂ ಸದ್ದೇ. ಆದರೆ ಬಡಿಯುತ್ತಾ ತಿರುಗುವ ಡ್ರಿಲ್ಲಿನ ಸದ್ದು ಕಿವಿಗೆ ಬೀಳುವುದಷ್ಟೇ ಅಲ್ಲ, ಬಂಡೆಯೊಳಗೇ ಹರಿದು ಗವಿಗೆ ಮುಟ್ಟುತ್ತದೆ. ಕ್ವಾರಿಯಲ್ಲಿ ಬಂಡೆಗೆ ಬೆನ್ನು ಕೊಟ್ಟು ಕೂತವರಿಗೆ ಇದು ಗೊತ್ತು.

ಇನ್ನೊಂದು ಸಂಗತಿಯನ್ನು ಅವರಿಗೆ ತಪ್ಪದೆ ಹೇಳಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬಂಡೆ ಎಂದರೆ ಬರೀ ಬಂಡೆಯಲ್ಲ. ಮಸ್ಕಿಯ ಬಂಡೆಯ ಮೇಲಿರುವುದು ಅಶೋಕನ ಹೆಸರು ಹೊತ್ತ ಶಾಸನ ಎಂದು ಹೊರಜಗತ್ತಿಗೆ ತಿಳಿದದ್ದು 1915ರಲ್ಲಿ, ಅದೂ ಚಿನ್ನ ಹುಡುಕುತ್ತಾ ಬಂದ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದು. ಕೊಪ್ಪಳದ ಗವಿಮಠದ ಬಂಡೆಯಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ಲಿನ ಬೆಟ್ಟದಲ್ಲಿ ಶಿಲಾಸಮಾಧಿಗಳ ಊರೇ ಇದೆ, ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಮಾಸಿದ ಗೆರೆಗಳು ಮಧ್ಯಾಹ್ನದ ಬಿಸಿಲಿಗೆ ಕಾಣುವುದೇ ಇಲ್ಲ, ಇಳಿಬಿಸಿಲು ಬೇಕು. ಡ್ರಿಲ್ ಹಿಡಿದು ಹಗ್ಗದಲ್ಲಿ ತೂಗುವವನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರುತ್ತದೆಯೇ?

ಕಾನೂನಿನಂತೆ ನಿಮ್ಮ ಉತ್ತರ ನೇರವಾಗಿದೆ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡುವುದೇ ಅಪರಾಧ, ಪ್ರಾಣಿಗಳ ನೆಲೆಗೆ ಹಾನಿ ಮಾಡುವುದು ಇನ್ನೂ ದೊಡ್ಡದು. ಮೀಸಲು ಅರಣ್ಯಕ್ಕೆ ರಾಜ್ಯದ 1963ರ ಅರಣ್ಯ ಕಾಯ್ದೆಯಿದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ. ಹಿಡಿದರೆ ಮೊದಲು ಸಿಕ್ಕಿಬೀಳುವವರು ಬಸ್ಸು ಹತ್ತಿ ಹೋಗುವವರಲ್ಲ, ನೀವು. ಗಡಿಕಲ್ಲಿನ ಒಳಗೆ ಯಂತ್ರದಿಂದಲೂ ಬೇಡ, ಕೈಯಿಂದಲೂ ಬೇಡ; ನನ್ನ ಅಭಿಪ್ರಾಯದಲ್ಲಿ ಇಲ್ಲಿ ಅಮೆರಿಕದವರಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲುವುದೇ ಸರಿ. ಗಿರಾಕಿ ತಪ್ಪಿಹೋಗುತ್ತಾರೆಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ದೇಶವಿದೇಶದವರು ಸಾಣಾಪುರಕ್ಕೆ ಬರುವುದು ಬೋಲ್ಟಿಗಾಗಿ ಅಲ್ಲ. ಹಗ್ಗವಿಲ್ಲದೆ, ಕೆಳಗೆ ಹಾಸಿಗೆ ಹಾಸಿ ಹತ್ತುವ ತಗ್ಗು ಗುಂಡುಗಳಿಗಾಗಿ. ಅವುಗಳಲ್ಲಿ ಒಂದಕ್ಕೂ ತೂತು ಬೇಕಿಲ್ಲ.

ಪ್ರಶ್ನೆ: ಬಳ್ಳಾರಿ ಸುತ್ತ ಗುಡ್ಡಗಳನ್ನೇ ಸಿಡಿಸಿ ಲಾರಿಗೆ ತುಂಬುತ್ತಾರೆ. ಅದನ್ನು ಬಿಟ್ಟು ಹುಡುಗರ ಬೆರಳಗಲದ ತೂತಿನ ಮೇಲೆ ಸಿಟ್ಟು ಏಕೆ?
ಓದುಗರು, ಬಳ್ಳಾರಿ

ಉತ್ತರ: ಅದನ್ನು ಬಿಟ್ಟಿಲ್ಲ. ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಸಾಲುಸಾಲಾಗಿ ಮಾಡಿದ್ದರು. ಪಕ್ಕದ ಕುಪ್ಪಗಲ್ಲಿನ ಕರಿಗಲ್ಲಿನ ಸಾಲಿನಲ್ಲಿ ಅವರು ಕುಟ್ಟಿ ಮೂಡಿಸಿದ ಎತ್ತುಗಳಿವೆ, ತಟ್ಟಿದರೆ ಗಂಟೆಯ ನಾದ ಕೊಡುವ ಬಂಡೆಗಳಿವೆ. ಅದರ ಒಂದಷ್ಟು ಭಾಗ ಕಲ್ಲುಗಣಿಗಾರಿಕೆಗೆ ಹೋಯಿತು. ಅಲ್ಲಿ ಉಳಿದದ್ದನ್ನು ನೋಡದವರು ಒಮ್ಮೆ ನೋಡಿ ಬನ್ನಿ, ಹೊಟ್ಟೆ ಉರಿಯುತ್ತದೆ. ಅದಿರಿನ ಅಕ್ರಮ ಮಿತಿಮೀರಿ 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು.

ಆ ಸಿಟ್ಟಿನಿಂದಲೇ ಈ ಮಾತು ಹೇಳುತ್ತಿದ್ದೇನೆ. ಊರವರು ಕ್ವಾರಿಯ ವಿರುದ್ಧ ಅರ್ಜಿ ಹಿಡಿದು ಹೋದಾಗ, ಬೆಟ್ಟವನ್ನು ಪ್ರೀತಿಸುತ್ತೇವೆ ಎನ್ನುವ ಹತ್ತುವವರು ಅವರ ಪಕ್ಕದಲ್ಲಿ ನಿಂತು ಸಾಕ್ಷಿ ಹೇಳಬೇಕು. ಅನುಮತಿಯಿಲ್ಲದೆ ಡ್ರಿಲ್ ಹಿಡಿದು ಕಾಡಿಗೆ ನುಗ್ಗಿದವರ ಸಾಕ್ಷಿಯನ್ನು ಯಾವ ಅಧಿಕಾರಿ ಕೇಳುತ್ತಾನೆ? ಗುತ್ತಿಗೆಯವನು ಮೊದಲು ತೋರಿಸುವುದು ಆ ತೂತುಗಳನ್ನೇ.

ಪ್ರಶ್ನೆ: ನಮ್ಮೂರ ಹಿಂದಿನ ಗುಡ್ಡದಲ್ಲಿ ಯಾರೋ ಹಿಂದೆ ಹೊಡೆದ ಬೋಲ್ಟುಗಳು ತುಕ್ಕು ಹಿಡಿದಿವೆ. ಗೆಳೆಯರು ಸೇರಿ ಸುತ್ತಿಗೆಯಿಂದ ಹೊಡೆದು ಮುರಿದುಹಾಕೋಣ ಎಂದುಕೊಂಡಿದ್ದೇವೆ. ಸರಿಯೇ?
ಪಿಯುಸಿ ವಿದ್ಯಾರ್ಥಿ, ಕೊಪ್ಪಳ

ಉತ್ತರ: ದಯವಿಟ್ಟು ಮುರಿಯಬೇಡಿ. ಮುರಿದರೆ ತುಂಡು ಒಳಗೇ ಉಳಿದು ತುಕ್ಕು ಇಳಿಯುತ್ತದೆ, ಬಂಡೆಯ ಮುಖ ಸುತ್ತಲೂ ಚಕ್ಕೆ ಏಳುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಯಾರನ್ನೂ ಕೇಳದೆ ಹಾಕಿದವರಂತೆ ಯಾರನ್ನೂ ಕೇಳದೆ ತೆಗೆಯುವುದೂ ಜಗಳಕ್ಕೆ ದಾರಿ. ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದಲ್ಲಿ ಸೆರೊ ಟೊರೆ ಎಂಬ ಕಡಿದಾದ ಶಿಖರವಿದೆ, 3128 ಮೀಟರ್ ಎತ್ತರ. 1970ರಲ್ಲಿ ಇಟಲಿಯ ಚೆಸಾರೆ ಮಾಯೆಸ್ತ್ರಿ ಪೆಟ್ರೋಲಿನ ಕಂಪ್ರೆಸರನ್ನು ಆ ಗೋಡೆಗೆ ಎಳೆಸಿಕೊಂಡು ಹೋಗಿ ಸುಮಾರು 400 ಬೋಲ್ಟುಗಳನ್ನು ಹೊಡೆದರು. ಬಿರುಕುಗಳ ಪಕ್ಕದಲ್ಲೂ, ಅಂದರೆ ಬೋಲ್ಟಿನ ಅಗತ್ಯವೇ ಇಲ್ಲದ ಕಡೆಯಲ್ಲೂ ಹೊಡೆದರು. ಇಳಿಯುವಾಗ ಯಂತ್ರವನ್ನು ಶಿಖರದ ಕೆಳಗಿನ ಗೋಡೆಯಲ್ಲೇ ನೇತುಬಿಟ್ಟರು. ಅದು ದಶಕಗಳ ಕಾಲ ಅಲ್ಲಿಯೇ ನೇತಾಡಿತು. ಇಡೀ ಜಗತ್ತಿನ ಹತ್ತುವವರು ಅದನ್ನು ಖಂಡಿಸುತ್ತಲೇ ಬಂದರು, ಅದೇ ಬೋಲ್ಟುಗಳನ್ನು ಹಿಡಿದು ಹತ್ತುತ್ತಲೂ ಬಂದರು. 2012ರ ಜನವರಿಯಲ್ಲಿ ಹೇಡನ್ ಕೆನಡಿ, ಜೇಸನ್ ಕ್ರುಕ್ ಎಂಬ ಇಬ್ಬರು ಯುವಕರು ಆ ಸಾಲನ್ನು ಬಹುಮಟ್ಟಿಗೆ ಬಿಟ್ಟು ಹತ್ತಿ, ಇಳಿಯುವಾಗ ಸುಮಾರು 120 ಬೋಲ್ಟುಗಳನ್ನು ಕಿತ್ತರು. ಹತ್ತುವ ಕಲೆಯ ದೃಷ್ಟಿಯಿಂದ ನನ್ನ ಮನಸ್ಸು ಅವರ ಕಡೆಗೇ ಇದೆ. ಆದರೆ ಕೆಳಗಿನ ಎಲ್ ಚಾಲ್ಟೆನ್ ಊರಿನ ಅನೇಕರು ಕೆರಳಿದರು: ಇದು ನಮ್ಮ ಬೆಟ್ಟ, ನಮ್ಮನ್ನು ಕೇಳಿದವರು ಯಾರು? ಆ ಪ್ರಶ್ನೆಯನ್ನು 1970ರಲ್ಲಿಯೇ ಕೇಳಬೇಕಿತ್ತು, 2012ರಲ್ಲಿಯೂ ಕೇಳಲೇಬೇಕಿತ್ತು.

ನೀವು ಮಾಡಬೇಕಾದದ್ದು: ಫೋಟೋ ತೆಗೆದು, ಜಾಗ ಗುರುತಿಸಿ, ಅರಣ್ಯ ಇಲಾಖೆಗೂ ಪಂಚಾಯಿತಿಗೂ ಬರೆದು ಕೊಡಿ. ತೆಗೆಯಬೇಕೆಂದು ತೀರ್ಮಾನವಾದರೆ ತಿಳಿದವರು ಬೋಲ್ಟನ್ನು ತಿರುಗಿಸುತ್ತಾ ಪೂರ್ತಿಯಾಗಿ ಹೊರಗೆಳೆಯುತ್ತಾರೆ. ತೂತಿಗೆ ಎಪಾಕ್ಸಿ ತುಂಬಿ ಅದೇ ಬಂಡೆಯ ಪುಡಿ ಉದುರಿಸಿದರೆ ಗುರುತು ಹೆಚ್ಚುಕಡಿಮೆ ಅಳಿಯುತ್ತದೆ. ಉಳಿಯಬೇಕೆಂದು ತೀರ್ಮಾನವಾದರೆ ಅದೇ ತೂತನ್ನು ಅಗಲಿಸಿ ಸ್ಟೇನ್‌ಲೆಸ್ ಉಕ್ಕಿನ ಹೊಸ ಬೋಲ್ಟು ಹಾಕಲಿ. ಬೋಲ್ಟು ಸಾದಾ ಉಕ್ಕಿನದು, ಹಗ್ಗ ಸಿಕ್ಕಿಸಲು ಅದರ ಮೇಲಿರುವ ಪಟ್ಟಿ ಸ್ಟೇನ್‌ಲೆಸ್ ಎಂದಾದರೆ ಎರಡು ಲೋಹ ತಾಗಿದ ಕಡೆ ತುಕ್ಕು ಇನ್ನೂ ಬೇಗ ಬರುತ್ತದೆ. ಈ ಒಂದು ಕೆಲಸಕ್ಕೆ, ಅನುಮತಿ ಪಡೆದು, ಮರಿ ಹಾಕುವ ಕಾಲ ಕಳೆದ ಮೇಲೆ, ಡ್ರಿಲ್ ಬಳಸಿದರೆ ನಾನು ಅಡ್ಡ ಬರುವುದಿಲ್ಲ. ದಣಿದ ಕೈ ಕೊರೆದ ಓರೆ ತೂತಿನಲ್ಲಿ ಸಡಿಲ ಕೂತ ಬೋಲ್ಟು ಜೀವ ತೆಗೆಯುತ್ತದೆ. ಹೊಸ ತೂತಿಗೆ ನಾನು ಒಪ್ಪದಿರುವುದಕ್ಕೂ ಹಳೆಯದರ ರಿಪೇರಿಗೆ ಒಪ್ಪುವುದಕ್ಕೂ ನಡುವೆ ವಿರೋಧ ನನಗೆ ಕಾಣುತ್ತಿಲ್ಲ. ಹೊಸದು ಬೇಕೇ ಎಂದು ಇನ್ನೂ ಕೇಳಬಹುದು. ಹಳೆಯದಕ್ಕೆ ಯಾರೋ ಈಗಾಗಲೇ ತೂಗುಬಿದ್ದಿದ್ದಾರೆ.

ಪ್ರಶ್ನೆ: ನಾವು ಕುರಿ ಕಾಯುವವರು. ಕಾಡಿನ ಅಂಚಿಗೆ ಕುರಿ ಹೋದರೆ ಗದರಿಸಿ ಕಳಿಸುತ್ತಾರೆ. ಹಗ್ಗ, ಡ್ರಿಲ್ ಹೊತ್ತು ಬಂದವರನ್ನು ಯಾರೂ ಮಾತನಾಡಿಸುವುದಿಲ್ಲ. ಕಾಡು ಯಾರಿಗಾಗಿ ಕಾದಿಟ್ಟದ್ದು?
ಕಂಪ್ಲಿ

ಉತ್ತರ: ನಿಮ್ಮ ಕೋಪ ನ್ಯಾಯವಾದದ್ದು. ಮೇಲೆ ನಾನು ಗೌರವದಿಂದ ಹೇಳಿದ ಅಮೆರಿಕದ ಆ ಕಾಯ್ದೆಗೆ ಇನ್ನೊಂದು ಮುಖವಿದೆ. ಮನುಷ್ಯ ಬಂದು ಹೋಗುವ ಅತಿಥಿ ಮಾತ್ರ, ಉಳಿಯುವವನಲ್ಲ ಎಂದು ಅದು ಆ ನೆಲವನ್ನು ವಿವರಿಸುತ್ತದೆ. ಆದರೆ ಯೋಸೆಮಿಟಿ ಕಣಿವೆಯಲ್ಲಿ ಅಹ್ವಾನೀಚಿ ಜನ ಬದುಕಿದ್ದರು. 1851ರಲ್ಲಿ ಸಶಸ್ತ್ರ ಪಡೆಯೊಂದು ನುಗ್ಗಿ ಅವರನ್ನು ಹೊರಗಟ್ಟಿತು. ಹಾಗೆ ಖಾಲಿಯಾದ ನೆಲಕ್ಕೆ ಬರೆದ ನಿಯಮವನ್ನು, ಕುರಿಹಟ್ಟಿಯೂ ಗುಡಿಯೂ ಗದ್ದೆಯೂ ಬಂಡೆಗಳ ನಡುವೆಯೇ ಇರುವ ನಮ್ಮ ಸೀಮೆಗೆ ಹಾಗೆಯೇ ಹೊದಿಸಲು ಬರುವುದಿಲ್ಲ. ದರೋಜಿಯ ಕರಡಿಧಾಮ 1994ರಲ್ಲಿ ಆಯಿತು. ಅದಕ್ಕೂ ಎಷ್ಟೋ ಮುಂಚಿನಿಂದ ಯಾವ ಗವಿಯಲ್ಲಿ ಕರಡಿ ಇದೆ, ಯಾವ ಗುಂಡಿನ ಕೆಳಗೆ ನೀರು ನಿಲ್ಲುತ್ತದೆ ಎಂದು ಬಲ್ಲವರು ಕುರಿಗಾರರು. ಅಭಯಾರಣ್ಯದ ಹೊರಗಿನ ಯಾವುದೇ ಬಂಡೆಗೆ ಬೋಲ್ಟು ಹಾಕುವ ಮಾತು ಬಂದರೆ ಮೊದಲು ಗ್ರಾಮಸಭೆಯಲ್ಲಿ ನಿಮ್ಮನ್ನು ಕೇಳಬೇಕು, ನೀವು ಬೇಡವೆಂದರೆ ಅಲ್ಲಿಗೆ ಮುಗಿಯಬೇಕು. ಒಳಗೆ ಡ್ರಿಲ್ ಕಂಡರೆ ಬೀಟ್ ಫಾರೆಸ್ಟರಿಗೆ ತಿಳಿಸಿ. ಬಂದವರ ಗಾಡಿಯ ನಂಬರನ್ನೂ ಬರೆದುಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳಿಗೆ ಬಂಡೆ ಹತ್ತುವುದನ್ನು ಕಲಿಸಬೇಕೆಂದಿದೆ. ರಾಯಚೂರು ಕೋಟೆಯ ಗೋಡೆಗೆ ಒಂದೆರಡು ಕೊಕ್ಕೆ ಹಾಕಿದರೆ ಆದೀತೇ?
ಶಿಕ್ಷಕಿ, ರಾಯಚೂರು

ಉತ್ತರ: ಬೇಡ, ಮೇಡಂ. ಆ ಗೋಡೆಯಲ್ಲಿ 1294ರ ಶಾಸನ ಹೊತ್ತ ಭಾರಿ ಕಲ್ಲೇ ಇದೆ. ಮಕ್ಕಳಿಗೆ ಅದನ್ನು ಓದಿ ಹೇಳಿ, ಹತ್ತಲು ಶಾಲೆಯಲ್ಲೇ ಒಂದು ಫಲಕ ಮಾಡಿಸಿ. 18 ಮಿಲಿಮೀಟರಿನ ಒಳ್ಳೆಯ ಪ್ಲೈವುಡ್, ಹಿಂದೆ ಗಟ್ಟಿ ಮರದ ಚೌಕಟ್ಟು. ಬಡಗಿಯವರ ಡ್ರಿಲ್ಲಿನಿಂದ ಎಂಟು ಇಂಚಿಗೊಂದರಂತೆ ತೂತು ಹಾಕಿಸಿ, ಹಿಂಬದಿಯಿಂದ ಟೀ-ನಟ್ (ಮರಕ್ಕೆ ಕಚ್ಚಿ ಕೂರುವ ನಟ್) ಬಡಿದು ಕೂರಿಸಿ, ಹತ್ತು ಮಿಲಿಮೀಟರಿನ ಬೋಲ್ಟಿನಿಂದ ಹಿಡಿಕೆಗಳನ್ನು ಬಿಗಿಯಬೇಕು. ಬೇಕೆಂದಾಗ ಹಿಡಿಕೆ ಬದಲಿಸಿದರೆ ದಾರಿಯೂ ಬದಲಾಗುತ್ತದೆ. ಮೊದಲ ವರ್ಷ ಫಲಕ ನೆಟ್ಟಗಿರಲಿ, ಎಂಟು ಅಡಿ ಎತ್ತರ ಮೀರುವುದು ಬೇಡ, ಕೆಳಗೆ ದಪ್ಪ ಹಾಸಿಗೆ ಇರಲಿ. ಹಿಡಿಕೆಗಳನ್ನು ತಿಂಗಳಿಗೊಮ್ಮೆ ಕೈಯಿಂದ ಅಲುಗಿಸಿ ನೋಡಿ, ಸಡಿಲವಾದದ್ದನ್ನು ಅಂದೇ ಬಿಗಿಯಿರಿ.